ಔಷಧ ಅಣುಗಳ ವಿಲೇಯತೆ: ಯಂತ್ರಕಲಿಕೆಯ ಊಹೆಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಎಂ.ಫಾರ್ಮ್ ವಿದ್ಯಾರ್ಥಿನಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಒಂದು ಔಷಧ ಅಣು ನೀರಿನಲ್ಲಿ ಎಷ್ಟು ಕರಗುತ್ತದೆ ಎಂಬುದನ್ನು ಪ್ರಯೋಗಕ್ಕೆ ಮೊದಲೇ ಅಂದಾಜಿಸುವ ಮಾದರಿಯನ್ನು ಪ್ರಬಂಧಕ್ಕಾಗಿ ಸಿದ್ಧಪಡಿಸಿದ್ದೇನೆ. ಡಿಲೇನಿಯವರು 2004ರಲ್ಲಿ ಪ್ರಕಟಿಸಿದ, ಅಳೆದ ವಿಲೇಯತೆಗಳ ಸಂಗ್ರಹವಾದ ಇಸೋಲ್ ದತ್ತಾಂಶದ 1128 ಅಣುಗಳ ಆವೃತ್ತಿಯನ್ನು ತೆಗೆದುಕೊಂಡು, ರಸಾಯನ ತಂತ್ರಾಂಶ ಆರ್‌ಡಿಕಿಟ್‌ನಿಂದ ಅವುಗಳ ಲಕ್ಷಣಗಳನ್ನು ಲೆಕ್ಕಹಾಕಿ, ಹಲವು ನಿರ್ಧಾರ-ವೃಕ್ಷಗಳ ಊಹೆಗಳ ಸರಾಸರಿ ತೆಗೆಯುವ ರ‍್ಯಾಂಡಮ್ ಫಾರೆಸ್ಟ್‌ಗೆ ಕಲಿಸಿದೆ. ಪರೀಕ್ಷೆಗೆಂದು ತೆಗೆದಿಟ್ಟ ಅಣುಗಳಲ್ಲಿ ಫಲಿತಾಂಶ ಚೆನ್ನಾಗಿದೆ. ಆದರೆ ನಮ್ಮ ವಿಭಾಗದಲ್ಲೇ ತಯಾರಿಸಿದ ಬೆಂಜಿಮಿಡಾಜೋಲ್ ಸರಣಿಯ ಕೆಲವು ಸಂಯುಕ್ತಗಳಲ್ಲಿ ಊಹೆಗೂ ಅಳತೆಗೂ ಹತ್ತು ಪಟ್ಟಿನ ಅಂತರ ಬರುತ್ತಿದೆ. ನ್ಯೂರಲ್ ನೆಟ್‌ವರ್ಕ್ ಬಳಸಿದರೆ ಇದು ಸರಿಹೋಗಬಹುದೇ?

ಔಷಧ ರಸಾಯನ ಬೋಧಕ, ಬಾಗಲಕೋಟೆ

ಅಲ್ಗಾರಿದಮ್ ಬದಲಿಸುವ ಮೊದಲು ದತ್ತಾಂಶವನ್ನು ಹೇಗೆ ವಿಭಾಗಿಸಿದ್ದೀರಿ ಎಂಬುದನ್ನು ನೋಡಿರಿ. ಯಾದೃಚ್ಛಿಕವಾಗಿ ವಿಭಾಗಿಸಿದರೆ ಒಂದೇ ಕುಟುಂಬದ ಅಣುಗಳು ಕಲಿಕೆಯಲ್ಲೂ ಪರೀಕ್ಷೆಯಲ್ಲೂ ಸೇರಿಕೊಳ್ಳುವುದರಿಂದ ಅಂಕ ತಾನಾಗಿಯೇ ಏರುತ್ತದೆ. ಬೆಮಿಸ್ ಮತ್ತು ಮುರ್ಕೊ 1996ರಲ್ಲಿ ವಿವರಿಸಿದ ಅಣು ಚೌಕಟ್ಟುಗಳ (ಉಂಗುರಗಳು ಮತ್ತು ಅವನ್ನು ಜೋಡಿಸುವ ಕೊಂಡಿಗಳ) ಆಧಾರದಲ್ಲಿ ಮತ್ತೊಮ್ಮೆ ವಿಭಾಗಿಸಿ ನೋಡಿದರೆ, ಹೊಸ ಸರಣಿಯಲ್ಲಿ ನಿಮ್ಮ ಮಾದರಿಯ ನಿಜವಾದ ಶಕ್ತಿ ತಿಳಿಯುತ್ತದೆ. ಇಷ್ಟು ಚಿಕ್ಕ ದತ್ತಾಂಶದಲ್ಲಿ ನ್ಯೂರಲ್ ನೆಟ್‌ವರ್ಕ್‌ನಿಂದ ಹೆಚ್ಚಿನ ಲಾಭವನ್ನು ನಾನಂತೂ ನಿರೀಕ್ಷಿಸುವುದಿಲ್ಲ. ಬೆಂಜಿಮಿಡಾಜೋಲ್ ದುರ್ಬಲ ಪ್ರತ್ಯಾಮ್ಲವಾದ್ದರಿಂದ ಅದರ ವಿಲೇಯತೆ ಪಿಎಚ್ (ಆಮ್ಲೀಯತೆಯ ಅಳತೆ) ಬದಲಾದಂತೆ ಬದಲಾಗುತ್ತದೆ; ಆದ್ದರಿಂದ ಅಳತೆಯನ್ನು ಯಾವ ಪಿಎಚ್‌ನಲ್ಲಿ ಮಾಡಿದ್ದೀರಿ ಎಂಬುದನ್ನೂ ದಯವಿಟ್ಟು ತಿಳಿಸಿರಿ.

ಫಾರ್ಮುಲೇಶನ್ ವಿಭಾಗದವರು, ವಿಜಯಪುರ

ಬಾಗಲಕೋಟೆಯ ಸರ್ ಹೇಳಿದ್ದು ಸರಿ. ಆದರೆ ವಿಭಜನೆಯಿಂದ ದೋಷ ಕಾಣಿಸುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. ಅಣುವಿನ ರಚನಾಸೂತ್ರವಷ್ಟೇ ತಿಳಿದ ಮಾದರಿಗೆ ಅದರ ಹರಳು ಎಷ್ಟು ಗಟ್ಟಿ ಎಂಬುದು ತಿಳಿಯದು. ಎಚ್‌ಐವಿ ಔಷಧ ರಿಟೋನಾವಿರ್‌ನಲ್ಲಿ 1998ರಲ್ಲಿ ಕಾಣಿಸಿಕೊಂಡ ಹೊಸ ಹರಳುರೂಪ ಬಹಳ ಕಡಿಮೆ ಕರಗುತ್ತಿದ್ದುದರಿಂದ ಕ್ಯಾಪ್ಸೂಲ್‌ಗಳನ್ನೇ ಮಾರುಕಟ್ಟೆಯಿಂದ ಹಿಂಪಡೆಯಬೇಕಾಯಿತು. ಅಣು ಮಾತ್ರ ಅದೇ ಆಗಿತ್ತು.

ಯಾಲ್ಕೋವ್ಸ್ಕಿಯವರ ಸಾಮಾನ್ಯ ವಿಲೇಯತಾ ಸಮೀಕರಣದಲ್ಲಿ ಈ ಕೊರತೆಯನ್ನು, ಹರಳು ಎಷ್ಟು ಗಟ್ಟಿ ಎಂಬುದನ್ನು ಸೂಚಿಸುವ ದ್ರವನಬಿಂದು ತುಂಬುತ್ತದೆ: ದ್ರವನಬಿಂದುವಿನಿಂದ 25 ಕಳೆದು 0.01ರಿಂದ ಗುಣಿಸಿ, ಬಂದದ್ದನ್ನೂ ಲಾಗ್ ಪಿ (ಅಣು ನೀರಿಗಿಂತ ಎಣ್ಣೆಯಂಥ ದ್ರವದಲ್ಲಿ ಎಷ್ಟು ಹೆಚ್ಚು ಸೇರುತ್ತದೆ ಎಂಬುದರ ಅಳತೆ) ಮೌಲ್ಯವನ್ನೂ 0.5ರಿಂದ ಕಳೆಯಬೇಕು. ಆಸ್ಪಿರಿನ್‌ನ ದ್ರವನಬಿಂದು ಸುಮಾರು 135 ಡಿಗ್ರಿ ಸೆಲ್ಸಿಯಸ್, ಲಾಗ್ ಪಿ ಸುಮಾರು 1.2. ಹಾಗಾಗಿ ಉತ್ತರ −1.8 (ಲೀಟರಿಗೆ ಎಷ್ಟು ಮೋಲ್ ಎಂಬುದರ ಲಾಗ್), ಅಂದರೆ ಲೀಟರಿಗೆ 2.9 ಗ್ರಾಂನಷ್ಟು. ಕೈಪಿಡಿಗಳಲ್ಲಿ ಸಿಗುವ ಮೌಲ್ಯವೂ 3ರಿಂದ 5 ಗ್ರಾಂನ ಆಸುಪಾಸಿನಲ್ಲಿದೆ. ಯಾವ ಯಂತ್ರಕಲಿಕೆಯೂ ಇಲ್ಲದೆ ಇಷ್ಟು ಹತ್ತಿರ ಬರುತ್ತದೆ ಎಂಬುದನ್ನು ಗಮನಿಸಿರಿ. ದ್ರವನಬಿಂದು ನೋಡುವ ಉಪಕರಣ ನಿಮ್ಮ ವಿಭಾಗದಲ್ಲಿ ಇದ್ದೇ ಇರುತ್ತದೆ.

ಎಂ.ಫಾರ್ಮ್ ವಿದ್ಯಾರ್ಥಿನಿ, ಬೆಳಗಾವಿ

ಇಬ್ಬರಿಗೂ ಧನ್ಯವಾದಗಳು. ಅಳತೆಯನ್ನು ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಇಲ್ಲದ ಶುದ್ಧ ನೀರಿನಲ್ಲಿ ಮಾಡಲಾಗಿದೆ. ಅಂತರ ಹೆಚ್ಚಿರುವ ಸಂಯುಕ್ತಗಳೆಲ್ಲವೂ 200 ಡಿಗ್ರಿಗಿಂತ ಮೇಲೆ ದ್ರವಿಸುವಂಥವು, ಮತ್ತು ಮಾದರಿ ಅವುಗಳ ವಿಲೇಯತೆಯನ್ನು ಪ್ರತಿ ಬಾರಿಯೂ ಹೆಚ್ಚಾಗಿಯೇ ಊಹಿಸುತ್ತಿದೆ.

ಔಷಧ ರಸಾಯನ ಬೋಧಕ, ಬಾಗಲಕೋಟೆ

ಹಾಗಾದರೆ ವಿಜಯಪುರದವರ ಸಂಶಯಕ್ಕೇ ಹೆಚ್ಚು ಬಲ ಬಂದಿತು. ಆದರೂ ಬಫರ್‌ನಲ್ಲಿ ಪುನಃ ಅಳೆಯಿರಿ. ಫ್ಲಾಸ್ಕಿನಲ್ಲಿ ಉಳಿದ ಘನವಸ್ತುವನ್ನು ಚೆಲ್ಲದೆ, ಹರಳುರೂಪ ತಿಳಿಸುವ ಎಕ್ಸ್-ಕಿರಣ ಪರೀಕ್ಷೆಯಾದ ಎಕ್ಸ್‌ಆರ್‌ಡಿಗೆ ಕಳುಹಿಸಿರಿ, ಏಕೆಂದರೆ ಅಲ್ಲಾಡಿಸುವಾಗಲೇ ಅದು ಹೈಡ್ರೇಟ್ (ನೀರಿನ ಅಣುಗಳನ್ನು ಒಳಗೊಂಡ ಹರಳು) ಆಗಿ ಮಾರ್ಪಟ್ಟಿರಬಹುದು. ದ್ರವನಬಿಂದುವನ್ನು ಮಾದರಿಗೆ ಸೇರಿಸುವುದು ಆಮೇಲಿನ ಕೆಲಸ.