ಲೀಸ್ ಕಾರು: ಕಂತು ಕೇಳುವ ಮೊದಲು ಹಾಕಬೇಕಾದ ಲೆಕ್ಕ

ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಚಿತ್ರದುರ್ಗದ ತಂಗಿಯೊಬ್ಬರು ನಮ್ಮ ಗುಂಪಿನಲ್ಲಿ ಕೇಳಿರುವ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ. ಅವರಿಗೆ ಮೂರು ವರ್ಷದ ಮಗನಿದ್ದಾನೆ, ಎರಡನೆಯ ಹೆರಿಗೆ ಹತ್ತಿರವಾಗಿದೆ, ಬಾಣಂತನಕ್ಕೆಂದು ತಂದೆ ತಾಯಿ ಆರು ತಿಂಗಳ ಮಟ್ಟಿಗೆ ಬರುತ್ತಿದ್ದಾರೆ, ಯಜಮಾನರು ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿದ್ದಾರೆ. ತಿಂಗಳಿಗೆ 500 ಡಾಲರ್ ಒಳಗೆ ಕಾರೊಂದನ್ನು ಲೀಸ್‌ಗೆ, ಅಂದರೆ ನಿಗದಿತ ಅವಧಿಗೆ ಕಂತು ಕಟ್ಟಿ ಬಳಸಿ ಹಿಂದಿರುಗಿಸುವ ಒಪ್ಪಂದದಲ್ಲಿ, ತೆಗೆದುಕೊಳ್ಳಬಹುದೇ, ತೆಗೆದುಕೊಂಡರೆ ಎಂಥದ್ದು ಎಂಬುದು ಅವರ ಪ್ರಶ್ನೆ. ಹಲವು ವರ್ಷ ಆ ನಾಡಿನಲ್ಲಿದ್ದು ಈಗ ದಾವಣಗೆರೆಗೆ ಮರಳಿರುವ ನನಗೆ ಎರಡೂ ಕಡೆಯ ಮಾತು ಕೇಳಿಸುತ್ತದೆ. ಅಲ್ಲಿನ ಡೀಲರ್ ಹೇಳುವುದೂ ಗೊತ್ತು, ಇಲ್ಲಿನ ಹಿರಿಯರು ಕೇಳುವುದೂ ಗೊತ್ತು.

ಪಿ.ಬಿ. ರಸ್ತೆಯ ಶೋರೂಮಿನಿಂದ ಗಾಡಿ ಬಿಡಿಸಿಕೊಂಡು, ನೇರವಾಗಿ ದುಗ್ಗಮ್ಮನ ಗುಡಿಯ ಮುಂದೆ ನಿಲ್ಲಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸುವ ನಮ್ಮೂರಿನವರಿಗೆ ಲೀಸ್ ಎಂಬ ವ್ಯವಹಾರವೇ ವಿಚಿತ್ರವಾಗಿ ತೋರುತ್ತದೆ. "ಮೂರು ವರ್ಷ ಕಂತು ಕಟ್ಟಿದ ಮೇಲೂ ಗಾಡಿ ನಮ್ಮದಾಗೋದಿಲ್ಲ ಅಂದ್ರೆ ಅದೇನು ವ್ಯವಹಾರವಮ್ಮಾ?" ಎಂದು ನಿಮ್ಮ ತಂದೆಯವರು ಫೋನಿನಲ್ಲಿ ಕೇಳಿದರೆಂದು ಬರೆದಿದ್ದೀರಿ. ಅದನ್ನು ಹಳೆಯ ಕಾಲದವರ ಅನುಮಾನ ಎಂದು ತಳ್ಳಿಹಾಕಬೇಡಿ, ಪ್ರಶ್ನೆ ಸರಿಯಾಗಿಯೇ ಇದೆ. ಲೀಸ್‌ನಲ್ಲಿ ನೀವು ಕಟ್ಟುವುದು ಕಾರಿನ ಬೆಲೆಯನ್ನಲ್ಲ, ಮೂರು ವರ್ಷದಲ್ಲಿ ಆ ಕಾರಿನ ಬೆಲೆ ಎಷ್ಟು ಇಳಿಯುತ್ತದೆಯೋ ಅಷ್ಟನ್ನು ಮತ್ತು ಅದರ ಮೇಲಿನ ಬಡ್ಡಿಯನ್ನು. ಹೊಸ ಕಾರಿನ ಬೆಲೆ ಅತಿ ಹೆಚ್ಚು ಕುಸಿಯುವುದೇ ಮೊದಲ ಕೆಲವು ವರ್ಷಗಳಲ್ಲಿ. ಆ ಕುಸಿತವನ್ನು ನೀವು ಹೊತ್ತು, ಗಾಡಿಯನ್ನು ಹಿಂದಿರುಗಿಸುತ್ತೀರಿ.

ಹಾಗಾದರೆ ಲೀಸ್ ಯಾರಿಗೆ ಒಪ್ಪುತ್ತದೆ? ನಮ್ಮ ಗುಂಪಿನಲ್ಲಿ ಮತ್ತೆ ಮತ್ತೆ ಬರುವ ಒಂದು ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. "ನಾವು ಇಲ್ಲಿ ಎಷ್ಟು ದಿನ ಇರುತ್ತೇವೋ ತಿಳಿಯದು, ಆದ್ದರಿಂದ ಕೊಳ್ಳುವುದಕ್ಕಿಂತ ಲೀಸ್ ಮೇಲು" ಎಂದು ಹೊಸದಾಗಿ ಹೋದ ಬಹುತೇಕರು ಹೇಳುತ್ತಾರೆ. ವಾಸ್ತವ ಇದಕ್ಕೆ ತದ್ವಿರುದ್ಧವಾಗಿದೆ. ಸ್ವಂತ ಕಾರನ್ನು, ಅದರ ಮೇಲೆ ಸಾಲವಿದ್ದರೂ, ಊರಿಗೆ ಹೊರಡುವ ವಾರದಲ್ಲಿ ಮಾರಿ ಲೆಕ್ಕ ಚುಕ್ತಾ ಮಾಡಬಹುದು. ಲೀಸ್ ಒಪ್ಪಂದವನ್ನು ನಡುವೆ ಮುರಿದರೆ ಉಳಿದ ಕಂತುಗಳ ಬಹುಭಾಗವನ್ನೂ ಅದರ ಮೇಲೆ ಶುಲ್ಕವನ್ನೂ ಕೇಳುತ್ತಾರೆ. ಮುಂದಿನ ಮೂರು ವರ್ಷ ಎಲ್ಲಿರುತ್ತೇವೆ, ಎಷ್ಟು ಓಡಾಡುತ್ತೇವೆ ಎಂಬುದು ಖಚಿತವಾಗಿರುವವರಿಗೆ ಲೀಸ್ ಅನುಕೂಲ. ಅದು ಖಚಿತವಿಲ್ಲದವರಿಗೆ ಅದಕ್ಕಿಂತ ಬಿಗಿಯಾದ ಕಟ್ಟು ಇನ್ನೊಂದಿಲ್ಲ.

ಎಚ್-1ಬಿ ವೀಸಾವನ್ನು ಒಮ್ಮೆಗೆ ಗರಿಷ್ಠ ಮೂರು ವರ್ಷಕ್ಕೆ ಕೊಡುತ್ತಾರೆ. ಗ್ರೀನ್ ಕಾರ್ಡ್ ಪ್ರಕ್ರಿಯೆ ಮುಂದುವರಿದಿಲ್ಲದಿದ್ದರೆ ಒಟ್ಟು ಮಿತಿ ಆರು ವರ್ಷ. ಕೆಲಸ ಹೋದರೆ ಹೊಸ ಕೆಲಸ ಹುಡುಕಿಕೊಳ್ಳಲು ಅಥವಾ ದೇಶ ಬಿಡಲು ಸಿಗುವುದು ಹೆಚ್ಚೆಂದರೆ 60 ದಿನ. 36 ತಿಂಗಳ ಲೀಸ್‌ಗೆ ಸಹಿ ಹಾಕುವಾಗ ಈ 60 ದಿನಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ನನಗೆ ಪರಿಚಯವಿದ್ದ ಹರಿಹರದ ಕಡೆಯ ಕುಟುಂಬವೊಂದರಲ್ಲಿ ಯಜಮಾನರ ಕೆಲಸ ಹೋದಾಗ ಲೀಸ್ ಇನ್ನೂ ಅರ್ಧದಷ್ಟು ಬಾಕಿಯಿತ್ತು. ಮಕ್ಕಳ ಶಾಲೆ ಬಿಡಿಸುವ, ಮನೆ ಖಾಲಿ ಮಾಡುವ ಗಡಿಬಿಡಿಯ ನಡುವೆ ಅವರನ್ನು ಹೆಚ್ಚು ಕಾಡಿದ್ದು ಈ ಕಾರೇ. ಕೊನೆಗೆ ಇನ್ನೊಂದು ಕನ್ನಡ ಕುಟುಂಬ ಆ ಲೀಸನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಂಡಿತು. ಅಂಥ ವರ್ಗಾವಣೆಗೆ ಎಲ್ಲ ಫೈನಾನ್ಸ್ ಕಂಪನಿಗಳೂ ಒಪ್ಪುವುದಿಲ್ಲ. ಕೆಲವು ಒಪ್ಪಿದರೂ ಹೊಸಬರು ಕಂತು ತಪ್ಪಿಸಿದರೆ ಹಳಬರನ್ನೇ ಹಿಡಿಯುತ್ತವೆ. ಆದ್ದರಿಂದ ಡೀಲರ್ ಬಳಿ ಬಣ್ಣ, ಮಾಡೆಲ್ ಕೇಳುವ ಮೊದಲು ವರ್ಗಾವಣೆಗೆ ಅವಕಾಶವಿದೆಯೇ, ಅವಧಿಗೆ ಮುಂಚೆ ಮುರಿದರೆ ಲೆಕ್ಕ ಹೇಗೆ ಎಂಬೆರಡನ್ನು ಕೇಳಿ, ಒಪ್ಪಂದದಲ್ಲಿ ಆ ಸಾಲುಗಳನ್ನು ತೋರಿಸಲು ಹೇಳಿ. 1976ರ ಗ್ರಾಹಕ ಲೀಸ್ ಕಾಯ್ದೆಯ ಪ್ರಕಾರ ಅವಧಿಗೆ ಮುಂಚೆ ಮುರಿದರೆ ಆಗುವ ಲೆಕ್ಕವನ್ನು ಸಹಿಗೆ ಮೊದಲೇ ಬರೆದು ತಿಳಿಸುವುದು ಅವರ ಕರ್ತವ್ಯ. ಕೆಲವು ಕಂಪನಿಗಳು ವೀಸಾ ಮುಗಿಯುವ ದಿನಾಂಕವನ್ನು ದಾಟುವ ಲೀಸ್ ಕೊಡುವುದಿಲ್ಲ; ಅದು ತೊಂದರೆಯೆಂದು ತೋರಿದರೂ ನಿಮಗೆ ಒಂದು ರಕ್ಷಣೆಯೇ.

ಇನ್ನು ಹಣದ ವಿಷಯ. ಜಾಹೀರಾತಿನಲ್ಲಿ "ತಿಂಗಳಿಗೆ 299 ಡಾಲರ್" ಎಂದು ದಪ್ಪ ಅಕ್ಷರದಲ್ಲಿದ್ದರೆ, ಸಹಿ ದಿನ 3,999 ಡಾಲರ್ ಕಟ್ಟಬೇಕೆಂಬುದು ಕೆಳಗೆ ಸಣ್ಣಕ್ಷರದಲ್ಲಿರುತ್ತದೆ. ಆ ಮೊತ್ತದಲ್ಲಿ ಮೊದಲ ಕಂತು ಸೇರಿದೆ ಎಂದುಕೊಂಡರೂ, ಉಳಿದ 35 ಕಂತು ಕೂಡಿಸಿ 36ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 402 ಡಾಲರ್ ಬರುತ್ತದೆ. ಎರಡು ಡೀಲರ್‌ಗಳ ದರ ಹೋಲಿಸುವಾಗ ಹೀಗೆ ಒಟ್ಟು ಮಾಡಿಯೇ ಹೋಲಿಸಬೇಕು. ಕಂತು ಕಡಿಮೆಯಾಗಲಿ ಎಂದು ಮೊದಲೇ ದೊಡ್ಡ ಮೊತ್ತ ಕಟ್ಟುವ ನಮ್ಮವರ ಅಭ್ಯಾಸ ಲೀಸ್‌ನಲ್ಲಿ ಒಳ್ಳೆಯದಲ್ಲ. ಅನೇಕ ಲೀಸ್‌ಗಳಲ್ಲಿ ಗ್ಯಾಪ್ ರಕ್ಷಣೆ ಸೇರಿರುತ್ತದೆ. ಕಾರು ಅಪಘಾತದಲ್ಲಿ ಪೂರ್ತಿ ಹಾಳಾದರೆ ವಿಮೆಯ ಹಣ ಸಾಲದೆ ಉಳಿದ ಫೈನಾನ್ಸ್ ಕಂಪನಿಯ ಬಾಕಿಯನ್ನು ಅದು ತುಂಬಿಕೊಡುತ್ತದೆ, ನೀವು ಮುಂಗಡ ಕಟ್ಟಿದ ಹಣವನ್ನಲ್ಲ.

ಕಂತು ಹುಟ್ಟುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಕಾರಿನ ಮುದ್ರಿತ ಬೆಲೆ 36,000 ಡಾಲರ್ ಇದ್ದು, ನೀವು ಚೌಕಾಸಿ ಮಾಡಿ 34,000ಕ್ಕೆ ಒಪ್ಪಿಸಿದ್ದೀರಿ ಎನ್ನಿ. ಮೂರು ವರ್ಷದ ನಂತರದ ಅಂದಾಜು ಬೆಲೆ, ಅಂದರೆ ರೆಸಿಡ್ಯುಯಲ್, ಮುದ್ರಿತ ಬೆಲೆಯ ಶೇಕಡಾ 60 ಎಂದರೆ 21,600. ಎರಡರ ನಡುವಿನ 12,400ನ್ನು 36 ತಿಂಗಳಿಗೆ ಹಂಚಿದರೆ 344 ಡಾಲರ್. ಬಡ್ಡಿಯನ್ನು ಮನಿ ಫ್ಯಾಕ್ಟರ್ ಎಂಬ ಸಣ್ಣ ದಶಮಾಂಶ ಸಂಖ್ಯೆಯಲ್ಲಿ ಹೇಳುತ್ತಾರೆ. ಅದನ್ನು 2,400ರಿಂದ ಗುಣಿಸಿದರೆ ಹೆಚ್ಚುಕಡಿಮೆ ವಾರ್ಷಿಕ ಬಡ್ಡಿದರ ಸಿಗುತ್ತದೆ. 0.0025 ಎಂದರೆ ಶೇಕಡಾ 6. ಒಪ್ಪಿದ ಬೆಲೆಯನ್ನೂ ರೆಸಿಡ್ಯುಯಲನ್ನೂ ಕೂಡಿಸಿ ಈ ಸಂಖ್ಯೆಯಿಂದ ಗುಣಿಸಿದರೆ ತಿಂಗಳಿಗೆ 139 ಡಾಲರ್. ಅಲ್ಲಿಗೆ ಕಂತು 483 ಆಯಿತು. ನ್ಯೂಜೆರ್ಸಿಯ ಶೇಕಡಾ 6.625 ಮಾರಾಟ ತೆರಿಗೆ ಸೇರಿದರೆ ಸುಮಾರು 515. ನಿಮ್ಮ 500 ಅಲ್ಲಿಯೇ ದಾಟಿತು. ಇದರ ಮೇಲೆ ಆರಂಭ ಶುಲ್ಕ, ನೋಂದಣಿ, ಕೊನೆಯಲ್ಲಿ ಕಾರು ಹಿಂದಿರುಗಿಸುವಾಗಿನ ಶುಲ್ಕ ಬೇರೆ. ಇದೇ ಬಡ್ಡಿ, ಇದೇ ಶೇಕಡಾವಾರಿನಲ್ಲಿ ಮುದ್ರಿತ ಬೆಲೆ 31,000 ಇದ್ದು 29,500ಕ್ಕೆ ಒಪ್ಪಿದರೆ ತೆರಿಗೆ ಸೇರಿ ತಿಂಗಳಿಗೆ ಸುಮಾರು 450 ಬೀಳುತ್ತದೆ. ನೀವು ನೋಡಬೇಕಾದ ಕಾರುಗಳು ಈ ಬೆಲೆಯ ಆಸುಪಾಸಿನವು. ಅಂದಹಾಗೆ, ಟೆಕ್ಸಾಸ್‌ನಲ್ಲಿರುವ ನಮ್ಮ ಸದಸ್ಯರು ಈ ಲೆಕ್ಕವನ್ನು ಹಾಗೆಯೇ ಎತ್ತಿಕೊಳ್ಳಬಾರದು. ಅಲ್ಲಿ ಶೇಕಡಾ 6.25 ತೆರಿಗೆಯನ್ನು ಸಾಮಾನ್ಯವಾಗಿ ಕಾರಿನ ಪೂರ್ಣ ಬೆಲೆಯ ಮೇಲೆಯೇ ಹಾಕಿ ಲೀಸ್ ಪಡೆಯುವವರಿಗೆ ವರ್ಗಾಯಿಸುತ್ತಾರೆ.

ಡೀಲರ್ "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?" ಎಂದು ಕೇಳಿದರೆ ಉತ್ತರಿಸಬೇಡಿ. ಕಾರಿನ ಬೆಲೆ, ರೆಸಿಡ್ಯುಯಲ್, ಮನಿ ಫ್ಯಾಕ್ಟರ್ ಈ ಮೂರನ್ನು ಬರೆದು ಕೊಡಲು ಹೇಳಿ. ರೆಸಿಡ್ಯುಯಲ್ ಫೈನಾನ್ಸ್ ಕಂಪನಿ ನಿಗದಿಪಡಿಸುವುದು, ಅದರಲ್ಲಿ ಚೌಕಾಸಿಯಿಲ್ಲ; ಬೆಲೆಯಲ್ಲಿ ಖಂಡಿತ ಇದೆ, ಮನಿ ಫ್ಯಾಕ್ಟರ್‌ನಲ್ಲಿಯೂ ಡೀಲರ್ ತನ್ನ ಪಾಲು ಸೇರಿಸಿರುವುದುಂಟು.

ಮೈಲಿಗಳ ಲೆಕ್ಕದಲ್ಲಿ ನಮ್ಮವರು ಹೆಚ್ಚಾಗಿ ಕಡಿಮೆ ಅಂದಾಜು ಮಾಡುತ್ತಾರೆ. ಸಾಮಾನ್ಯವಾಗಿ ವರ್ಷಕ್ಕೆ 10,000, 12,000 ಅಥವಾ 15,000 ಮೈಲಿಯ ಮಿತಿ ಇರುತ್ತದೆ. 12,000 ಮೈಲಿ ಎಂದರೆ 19,300 ಕಿಲೋಮೀಟರ್; ದಾವಣಗೆರೆಯಿಂದ ಬೆಂಗಳೂರಿಗೆ ವರ್ಷದಲ್ಲಿ 37 ಸಲ ಹೋಗಿ ಬಂದಷ್ಟು. ಇಷ್ಟು ಯಾರು ಓಡಿಸುತ್ತಾರೆ ಎಂದು ಇಲ್ಲಿ ಕುಳಿತವರಿಗೆ ಅನಿಸಬಹುದು, ಅಲ್ಲಿ ಅದು ಸದ್ದಿಲ್ಲದೆ ಆಗಿಹೋಗುತ್ತದೆ. ನಿಮ್ಮ ಕಚೇರಿ 18 ಮೈಲಿ ದೂರ, ವಾರಕ್ಕೆ ಮೂರು ದಿನ ಹೋಗುತ್ತೀರಿ ಎಂದಿದ್ದೀರಿ. ಅದೇ ವರ್ಷಕ್ಕೆ 5,400 ಮೈಲಿ. ಡೇಕೇರ್, ದಿನಸಿ, ವೈದ್ಯರ ಭೇಟಿಗೆ ವಾರಕ್ಕೆ 50ರಂತೆ 2,600. ಭಾನುವಾರದ ಕನ್ನಡ ತರಗತಿ, ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನ, ಸ್ನೇಹಿತರ ಮನೆ ಸೇರಿ 2,400. ತಂದೆ ತಾಯಿ ಬಂದ ಮೇಲೆ ನಯಾಗರಾ, ವಾಷಿಂಗ್ಟನ್ ತೋರಿಸದೆ ಇರುತ್ತೀರಾ? ಅಂಥ ದೂರದ ಪ್ರಯಾಣಗಳಿಗೆ 2,500 ಇಟ್ಟರೆ ಒಟ್ಟು 12,900 ಆಯಿತು.

ಮಿತಿ ಮೀರಿದ ಪ್ರತಿ ಮೈಲಿಗೆ 15ರಿಂದ 30 ಸೆಂಟ್ ಹಾಕುತ್ತಾರೆ. ಮಿತಿ 12,000, ದರ 25 ಸೆಂಟ್ ಎಂದು ಹಿಡಿದರೆ ವರ್ಷಕ್ಕೆ 900 ಮೈಲಿಯಂತೆ ಮೂರು ವರ್ಷಕ್ಕೆ 675 ಡಾಲರ್. ಬದಲಿಗೆ ಮೊದಲೇ 15,000 ಮೈಲಿಯ ಒಪ್ಪಂದ ಮಾಡಿಕೊಂಡರೆ ರೆಸಿಡ್ಯುಯಲ್ ಇಳಿಯುತ್ತದೆ. 36,000ದ ಕಾರಿನಲ್ಲಿ ಅದು ಮುದ್ರಿತ ಬೆಲೆಯ ಶೇಕಡಾ 2ರಷ್ಟು ಇಳಿದರೆ ಕಂತು ತಿಂಗಳಿಗೆ ಸುಮಾರು 18 ಡಾಲರ್ ಏರುತ್ತದೆ, ಮೂರು ವರ್ಷಕ್ಕೆ 650ರ ಸುತ್ತಮುತ್ತ. ನಿಮ್ಮ ಓಡಾಟಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ. ಕಚೇರಿ ವಾರಕ್ಕೆ ಐದು ದಿನವಾಗುವ ಸಾಧ್ಯತೆ ಇದ್ದರೆ ಮಾತ್ರ 15,000 ಆರಿಸಿ, ಏಕೆಂದರೆ ಆಗ ವರ್ಷಕ್ಕೆ ಇನ್ನೂ 3,600 ಮೈಲಿ ಸೇರುತ್ತದೆ. ಬಳಸದೆ ಉಳಿದ ಮೈಲಿಗೆ ಹಣವನ್ನು ಸಾಮಾನ್ಯವಾಗಿ ಹಿಂದಿರುಗಿಸುವುದಿಲ್ಲ.

ಈಗ ಕಾರಿನ ಆಕಾರ. ತಂದೆ ತಾಯಿ ಬರುತ್ತಾರೆಂದು ಏಳು ಸೀಟಿನ ಗಾಡಿ ಬೇಕು ಎಂಬ ನಿಮ್ಮ ಯೋಚನೆಯನ್ನು ಇನ್ನೊಮ್ಮೆ ಪರಿಶೀಲಿಸಿ. ಆರು ತಿಂಗಳ ಅತಿಥಿಗಳಿಗಾಗಿ 36 ತಿಂಗಳ ಕಂತನ್ನು ಏರಿಸಿಕೊಳ್ಳುವುದು ಅಗತ್ಯವಿಲ್ಲ. ಯಜಮಾನರು ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ವಾರದ ದಿನಗಳಲ್ಲಿ ಕಾರಿನಲ್ಲಿರುವವರು ನೀವು, ಇಬ್ಬರು ಮಕ್ಕಳು, ಮುಂದಿನ ಸೀಟಿನಲ್ಲಿ ನಿಮ್ಮ ತಾಯಿ. ಆರೂ ಜನ ಒಟ್ಟಿಗೆ ಹೊರಡುವ ವಾರಾಂತ್ಯಗಳಿಗೆ ಮಿನಿವ್ಯಾನ್ ಒಂದನ್ನು ಬಾಡಿಗೆಗೆ ತರಬಹುದು, ಆಗ ಮೇಲೆ ದೂರದ ಪ್ರಯಾಣಕ್ಕೆಂದು ಇಟ್ಟ 2,500 ಮೈಲಿಯಲ್ಲಿ ಅಷ್ಟು ನಿಮ್ಮ ಲೀಸಿನ ಲೆಕ್ಕದಿಂದ ತಪ್ಪುತ್ತದೆ.

ನಿಜವಾಗಿ ಜಾಗ ಬೇಡುವುದು ಮಗುವಿನ ಕಾರ್ ಸೀಟ್. ಸೀಟಿನ ತೂಕ ಅಥವಾ ಎತ್ತರದ ಮಿತಿ ತಲುಪುವವರೆಗೂ ಮಗುವನ್ನು ಹಿಮ್ಮುಖವಾಗಿಯೇ ಕೂರಿಸಬೇಕೆಂದು ಅಲ್ಲಿನ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2018ರಿಂದ ಹೇಳುತ್ತಿದೆ. ಎಂದರೆ ಹುಟ್ಟಲಿರುವ ಮಗು ಈ ಲೀಸಿನ ಬಹುಭಾಗ ಹಿಂದಕ್ಕೆ ಮುಖ ಮಾಡಿಯೇ ಕೂರುತ್ತದೆ, ಆ ಸೀಟು ಮುಂದಿನ ಆಸನವನ್ನು ಡ್ಯಾಶ್‌ಬೋರ್ಡ್ ಕಡೆಗೆ ತಳ್ಳುತ್ತದೆ. ಸಣ್ಣ ಸೆಡಾನ್‌ಗಳಲ್ಲಿ ಮುಂದೆ ಕುಳಿತವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುವಷ್ಟು ಜಾಗ ಕುಗ್ಗುತ್ತದೆ. ಮಂಡಿನೋವಿರುವ ತಾಯಿಗೆ ಅಲ್ಲಿ ಸೀರೆ ಸರಿಪಡಿಸಿಕೊಂಡು ಕೂರುವುದೂ ಕಷ್ಟ. ಆದ್ದರಿಂದ ನಿಮ್ಮ ಮನೆಯಲ್ಲಿರುವ ಕಾರ್ ಸೀಟನ್ನೇ ಶೋರೂಮಿಗೆ ಹೊತ್ತೊಯ್ದು, ಹಿಂದಿನ ಆಸನದಲ್ಲಿ ಬಿಗಿದು, ಯಜಮಾನರನ್ನು ಅದರ ಮುಂದೆ ಕೂರಿಸಿ ನೋಡಿ. ಸೀಟ್ ಬಿಗಿಯುವ ಲ್ಯಾಚ್ ಕೊಂಡಿಗಳು ಹೆಚ್ಚಿನ ಕಾರುಗಳಲ್ಲಿ ಹಿಂದಿನ ಎರಡು ಬದಿಗಳಿಗೆ ಮಾತ್ರ ಇರುತ್ತವೆ, ಮಧ್ಯಕ್ಕೆ ಇರುವುದಿಲ್ಲ. ಹೋಂಡಾ ಸಿಆರ್-ವಿ, ಟೊಯೋಟಾ ರ‍್ಯಾವ್4 ಗಾತ್ರದ ಐದು ಸೀಟಿನ ಗಾಡಿ ನಿಮಗೆ ಸಾಕೆಂದು ನನ್ನ ಅಂದಾಜು. ಮೂರನೆಯ ಸಾಲು ಬೇಕೇ ಬೇಕು ಎನ್ನುವವರಿಗೆ ಎತ್ತರದ ಎಸ್‌ಯುವಿಗಿಂತ ಪಕ್ಕಕ್ಕೆ ಸರಿಯುವ ಬಾಗಿಲಿನ ಮಿನಿವ್ಯಾನ್ ಎಷ್ಟೋ ವಾಸಿ. ಮಗುವನ್ನು ಎತ್ತಿಕೊಂಡು ಇಕ್ಕಟ್ಟಿನ ಪಾರ್ಕಿಂಗ್‌ನಲ್ಲಿ ಇಳಿದವರಿಗೆ ಅದು ಗೊತ್ತು.

ವಿದ್ಯುತ್ ಕಾರಿನ ಬಗ್ಗೆ ಒಂದು ಮಾತು. ಲೀಸ್‌ನ ಮೂಲಕ ಕೈಗೆ ಬರುತ್ತಿದ್ದ 7,500 ಡಾಲರ್‌ನ ಕೇಂದ್ರ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ನಿಂತುಹೋಯಿತು. ಅದಕ್ಕೂ ಮೊದಲಿನ ಸಲಹೆಗಳನ್ನು ನಂಬಿ ಹೊರಡಬೇಡಿ. ಬೆಲೆ ಬೇಗ ಇಳಿಯುವ ಈ ಕಾರುಗಳನ್ನು ಲೀಸ್‌ಗೆ ತೆಗೆದುಕೊಳ್ಳುವುದರಲ್ಲಿ ಅರ್ಥವಿದೆ, ಆದರೆ ಅಪಾರ್ಟ್‌ಮೆಂಟಿನಲ್ಲಿ ಚಾರ್ಜಿಂಗ್ ವ್ಯವಸ್ಥೆ ಇಲ್ಲದೆ ಕೈಗೂಸಿನೊಂದಿಗೆ ಅದನ್ನು ನಿಭಾಯಿಸುವುದು ಬೇಡ.

ಚಿಕ್ಕ ಮಕ್ಕಳಿರುವ ಮನೆಯ ಕಾರಿನಲ್ಲಿ ಹಾಲು ಚೆಲ್ಲುತ್ತದೆ, ಬಿಸ್ಕತ್ತಿನ ಚೂರು ಸಂದಿಗೆ ಇಳಿಯುತ್ತದೆ, ಮುಂದಿನ ಆಸನದ ಬೆನ್ನಿಗೆ ಬೂಟಿನ ಗುರುತು ಬೀಳುತ್ತದೆ. ಕಾರನ್ನು ಹಿಂದಿರುಗಿಸುವ ಮೊದಲು ತಪಾಸಣೆ ಮಾಡಿ, ಸಹಜ ಸವೆತಕ್ಕಿಂತ ಹೆಚ್ಚಿನದಕ್ಕೆ ಹಣ ಕೇಳುತ್ತಾರೆ. ಟೈರಿನ ಹಲ್ಲು ಇಂಚಿನ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆ ಉಳಿದಿದ್ದರೆ ಅದಕ್ಕೂ ಸಾಮಾನ್ಯವಾಗಿ ಬಿಲ್ ಬರುತ್ತದೆ. ಮೊದಲ ದಿನವೇ ಸೀಟಿನ ಕೆಳಗೆ ರಬ್ಬರ್ ಹಾಸು ಹಾಕಿಸಿ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಯಜಮಾನರ ವೀಸಾ ಇನ್ನೂ ಎರಡೂವರೆ ವರ್ಷಕ್ಕಿಂತ ಹೆಚ್ಚು ಉಳಿದಿದ್ದು, ಕೆಲಸವೂ ಭದ್ರವೆನಿಸಿದರೆ ಲೀಸ್ ತೆಗೆದುಕೊಳ್ಳಿ, ಮುಂಗಡ ಆದಷ್ಟು ಕಡಿಮೆ ಕಟ್ಟಿ. ಅದಕ್ಕಿಂತ ಕಡಿಮೆ ಉಳಿದಿದ್ದರೆ ಎರಡು ಮೂರು ವರ್ಷ ಓಡಿದ, ಕಂಪನಿಯೇ ಪರೀಕ್ಷಿಸಿ ಮಾರುವ ಕಾರನ್ನು ಸಾಲದಲ್ಲಿ ಕೊಳ್ಳಿ; ನಿಮ್ಮ ತಂದೆಯವರೂ ಸಮಾಧಾನಪಡುತ್ತಾರೆ. ಲೀಸ್ ಕಾರಿಗೆ ಕಂಪನಿಗಳು ಪೂರ್ಣ ವಿಮೆಯನ್ನು, ಕೆಲವೊಮ್ಮೆ ಕಾನೂನಿನ ಕನಿಷ್ಠಕ್ಕಿಂತ ಬಹಳ ಹೆಚ್ಚಿನ ಹೊಣೆಯ (ಇತರರಿಗಾದ ನಷ್ಟ ಭರಿಸುವ) ಮೊತ್ತದೊಂದಿಗೆ, ಕೇಳುವುದರಿಂದ ಮತ್ತು ಅಲ್ಲಿ ಚಾಲನೆಯ ಇತಿಹಾಸ ಕಡಿಮೆ ಇರುವವರಿಗೆ ವಿಮೆ ದುಬಾರಿಯಾಗುವುದರಿಂದ, ಆರಿಸಿದ ಮಾಡೆಲ್‌ನ ವಿಮಾ ದರವನ್ನು ಸಹಿಗೆ ಮೊದಲೇ ಎರಡು ಮೂರು ಕಡೆ ವಿಚಾರಿಸಿ. ಆ ದರವನ್ನೂ ವೀಸಾ ಮುಗಿಯುವ ತಿಂಗಳನ್ನೂ ಇಲ್ಲಿ ತಿಳಿಸಿದರೆ ನಿಮ್ಮ 500ರೊಳಗೆ ಯಾವುದು ಕೂರುತ್ತದೆ ಎಂದು ಮತ್ತೊಮ್ಮೆ ಲೆಕ್ಕ ಹಾಕಿ ಕೊಡುತ್ತೇನೆ.