ವೈದ್ಯಶಿಕ್ಷಣವೋ ಬಯೋಎಥಿಕ್ಸೋ: ಓದಿದವರು ಅನುಭವ ಹೇಳಿ

ಪ್ರಶ್ನೆ: ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾ ಆರು ವರ್ಷವಾಯಿತು. ಕೆಲಸ ಬಿಡದೆ ಇನ್ನೊಂದು ಮಾಸ್ಟರ್ಸ್ ಮಾಡುವ ಆಸೆ. ವೈದ್ಯಶಿಕ್ಷಣ (ಡಾಕ್ಟರಾಗುವವರಿಗೆ ಪಾಠ ಹೇಳುವುದು ಹೇಗೆ ಅನ್ನುವ ವಿಷಯ) ಓದಲಾ, ಬಯೋಎಥಿಕ್ಸ್ (ವೈದ್ಯಕೀಯದಲ್ಲಿ ಸರಿ-ತಪ್ಪಿನ ವಿಚಾರ) ಓದಲಾ? ಸೇರುವ ಮುಂಚೆ ಏನು ವಿಚಾರಿಸಬೇಕು?

ಉತ್ತರ: ಮೇಡಂ, ನಾನು ಓದಿದ್ದು ವೈದ್ಯಶಿಕ್ಷಣ. ನೀವು ಪಾಠ ಮಾಡುವಾಗ ಯಾರಾದರೂ ಬಂದು ಕೂತು ನೋಡುತ್ತಾರಾ ಅಂತ ಮೊದಲು ಕೇಳಿ. ನನ್ನ ಗೈಡ್ ಕೊನೆಯ ಬೆಂಚಿನಲ್ಲಿ ಕೂತು, ಪ್ರಶ್ನೆ ಕೇಳಿದ ಮೇಲೆ ನಾನು ಎಷ್ಟು ಸೆಕೆಂಡ್ ಕಾಯುತ್ತೇನೆ ಅಂತ ಬರೆದುಕೊಂಡರು. ಒಂದು, ಒಂದು, ಎರಡು, ಒಂದು. ವಿದ್ಯಾರ್ಥಿಗಳು ಬಾಯಿ ತೆರೆಯುವಷ್ಟರಲ್ಲಿ ಉತ್ತರ ನಾನೇ ಹೇಳಿಬಿಡುತ್ತಿದ್ದೆ! ಆ ಚೀಟಿ ಈಗಲೂ ನನ್ನ ಹತ್ತಿರ ಇದೆ. ವೈದ್ಯಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಹೇಳಿದ್ದೂ ಇದನ್ನೇ ಅಲ್ವಾ? ತಿಳಿದಿರುವುದು ಬೇರೆ, ಮಾಡಿ ತೋರಿಸುವುದು ಬೇರೆ, ದಿನದ ಕೆಲಸದಲ್ಲಿ ಮಾಡುವುದು ಇನ್ನೂ ಬೇರೆ. ಓಸ್ಕಿ (OSCE) ಪರೀಕ್ಷೆ, ಅಂದರೆ ವಿದ್ಯಾರ್ಥಿ ಒಂದೊಂದೇ ಸ್ಟೇಷನ್‌ಗೆ ಹೋಗಿ ಅಲ್ಲಿ ಕೊಟ್ಟ ಕೆಲಸ ಮಾಡಿ ತೋರಿಸುವ ಪರೀಕ್ಷೆ, 1975ರಿಂದಲೇ ಇದೆ. ಅದರ ಬಗ್ಗೆ ಸುಮ್ನೆ ಓದಿಸುವ ಕೋರ್ಸ್ ಬೇಡ. ಒಂದು ಸ್ಟೇಷನ್ ನಿಮ್ಮ ಕೈಯಲ್ಲೇ ಕಟ್ಟಿಸುವ ಕೋರ್ಸ್ ಹುಡುಕಿ.

ಉತ್ತರ: ನಾನು ಬಯೋಎಥಿಕ್ಸ್ ಮಾಡಿದವನು. 1979ರಲ್ಲಿ ಅಮೆರಿಕದ ನೀತಿಶಾಸ್ತ್ರಜ್ಞರಾದ ಬೋಚಾಂಪ್ ಮತ್ತು ಚಿಲ್ಡ್ರೆಸ್ ಮುಂದಿಟ್ಟ ನಾಲ್ಕು ತತ್ವಗಳನ್ನು (ರೋಗಿಯ ಸ್ವಂತ ನಿರ್ಧಾರಕ್ಕೆ ಗೌರವ, ಒಳಿತು ಮಾಡುವುದು, ಕೇಡು ಮಾಡದಿರುವುದು, ನ್ಯಾಯ) ಒಂದು ವಾರದಲ್ಲಿ ಬಾಯಿಪಾಠ ಮಾಡಬಹುದು. ಅಷ್ಟಕ್ಕೆ ಡಿಗ್ರಿ ಬೇಕಿಲ್ಲ. ನನಗೆ ಕಣ್ಣು ತೆರೆಸಿದ್ದು ವಾರ್ಡ್. ಆಪರೇಷನ್‌ಗೆ ಒಪ್ಪಿಗೆ ಪಡೆಯುವುದನ್ನು ಪಕ್ಕದಲ್ಲಿ ನಿಂತು ನೋಡಿ ಬನ್ನಿ ಅಂತ ಕಳಿಸಿದ್ದರು. ರೋಗಿ ಕೇಳಿದ್ದು ಒಂದೇ ಮಾತು, "ಎಲ್ಲಿ ಸೈನ್ ಮಾಡಲಿ?" ಡಾಕ್ಟರು ಬೆರಳಿಟ್ಟು ಜಾಗ ತೋರಿಸಿದರು, ಮುಗಿಯಿತು. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಕಪ್ಪು ಜನರಿಗೆ ನಿಜ ಹೇಳದೆ, ಪೆನಿಸಿಲಿನ್ ಬಂದ ಮೇಲೂ ಕೊಡದೆ, ಸುಮ್ಮನೆ ನೋಡುತ್ತಾ ಕೂತರು. ಅದನ್ನು ಓದಿ ಎಲ್ಲರಿಗೂ ಸಿಟ್ಟು ಬರುತ್ತದೆ, ಬರಲೇಬೇಕು. ಆದರೆ ನಮ್ಮ ಕಣ್ಣೆದುರಿನ ಆ ಸೈನ್ ಬಗ್ಗೆ ಕ್ಲಾಸಿನಲ್ಲಿ ಎರಡು ಗಂಟೆ ಮಾತಾಡಿದ್ದೇ ನನಗೆ ಜಾಸ್ತಿ ಕಲಿಸಿತು. ಹಾಗೆ ಕೂರಿಸಿ ಮಾತಾಡಿಸುವವರು ಇದ್ದಾರಾ ನೋಡಿ.

ಉತ್ತರ: ಮೇಡಂ, ಯಾವುದಕ್ಕೆ ಸೇರಿದರೂ ಇನ್ನೊಂದು ಹಿಂದೆಯೇ ಬರುತ್ತದೆ. ನನ್ನದು ವೈದ್ಯಶಿಕ್ಷಣ, ಥೀಸಿಸ್ ನನ್ನ ವಿದ್ಯಾರ್ಥಿಗಳ ಮೇಲೇ ಇತ್ತು. ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯವರು ಕೇಳಿದರು: "ಅವರಿಗೆ ಮಾರ್ಕ್ಸ್ ಕೊಡುವವರು ನೀವೇ. ಬೇಡ ಅನ್ನೋಕೆ ಅವರಿಗೆ ಧೈರ್ಯ ಬರುತ್ತಾ?" ನನಗೆ ಅದು ಹೊಳೆದೇ ಇರಲಿಲ್ಲ. ಒಪ್ಪಿಗೆ ಪತ್ರವನ್ನು ಬೇರೆ ವಿಭಾಗದವರ ಕೈಯಲ್ಲಿ ಹಂಚಿಸಿದೆ. ಯಾರು ಒಪ್ಪಿದರು ಅಂತ ರಿಸಲ್ಟ್ ಬರುವವರೆಗೂ ನನಗೆ ಹೇಳಬೇಡಿ ಅಂದೆ. ಹನ್ನೊಂದು ಜನ ಬೇಡ ಅಂದಿದ್ದರು.