ಮರಿ ಚಿಪ್ಪು ಒಡೆದರೂ ಹೊರಗೆ ಬರ್ತಿಲ್ಲ

ಪ್ರಶ್ನೆ (ಯಲಹಂಕ ತೋಟ): 60 ಮೊಟ್ಟೆಯ ಫ್ಯಾನ್ ಇನ್‌ಕ್ಯುಬೇಟರ್ (ಮರಿ ಮಾಡಿಸೋ ಯಂತ್ರ), ನಾಟಿ ಕೋಳಿ ಮೊಟ್ಟೆ. 37.5 ಡಿಗ್ರಿ, ತೇವಾಂಶ ಕೊನೇವರೆಗೂ 50%. 20ನೇ ದಿನ ತೂತು ಮಾಡಿದ ಮರಿಗಳು ಒಳಗೇ ಸಾಯ್ತಿವೆ. ಯಾಕೆ?

ಹೆಬ್ಬಾಳ ಕೋಳಿಗೂಡು: 18ನೇ ದಿನದವರೆಗೆ ತೇವಾಂಶ 50% ಸರಿ ಸರ್. ಆಮೇಲೆ ಮೊಟ್ಟೆ ತಿರುಗಿಸೋದು ನಿಲ್ಸಿ, ತೇವಾಂಶ 65–70%ಗೆ ಏರಿಸಿ. ನೀರಿನ ಆಳ ಮುಖ್ಯವಲ್ಲ, ಅಗಲ ಮುಖ್ಯ. ತಟ್ಟೆಯಲ್ಲಿ ಒದ್ದೆ ಸ್ಪಂಜು ಇಡಿ. ನಮ್ಮ ಮಾರ್ಚ್ ಗಾಳಿ ಒಣ ಬೇರೆ. ಪದೇ ಪದೇ ಮುಚ್ಚಳ ತೆಗೆದರೆ ತೇವ ಹಾರಿ, ಒಳಪೊರೆ ಒಣಗಿ ಮರಿಯ ಪುಕ್ಕಕ್ಕೆ ಅಂಟಿಕೊಳ್ಳುತ್ತೆ.

ದೇವನಹಳ್ಳಿ ರೈತ: ಸತ್ತ ಮೊಟ್ಟೆ ಒಡೆದು ನೋಡಿ. ಪೊರೆ ಹಪ್ಪಳದಂತೆ ಗರಿಗರಿಯಾಗಿದ್ರೆ ಮೇಲಿನವರು ಹೇಳಿದ್ದೇ. ಮರಿ ಊದಿಕೊಂಡು ಅಂಟಂಟಾಗಿದ್ರೆ ಉಲ್ಟಾ: ಮೊದಲ 18 ದಿನ ತೇವ ಜಾಸ್ತಿಯಾಗಿ ಗಾಳಿಚೀಲ (ಮೊಟ್ಟೆಯ ದಪ್ಪ ತುದಿಯ ಖಾಲಿ ಜಾಗ) ಚಿಕ್ಕದಾಗಿದೆ. ತೇವಾಂಶದ ಮೀಟರ್ ಮೇಲೆ ನಂಬಿಕೆ ಬೇಡ, ಅಗ್ಗದವು ತಪ್ಪು ತೋರಿಸ್ತವೆ. 18ನೇ ದಿನ ಟಾರ್ಚ್ ಹಿಡಿದಾಗ ಮೊಟ್ಟೆಯ ಸುಮಾರು ಮೂರನೇ ಒಂದು ಭಾಗ ಖಾಲಿ ಕಾಣಬೇಕು. ಇನ್‌ಕ್ಯುಬೇಟರ್‌ನ ಗಾಳಿ ಕಿಂಡಿ ಮುಚ್ಚಿಲ್ಲ ತಾನೆ?

ಹೆಬ್ಬಾಳ ಕೋಳಿಗೂಡು: ಇನ್ನೊಂದು, ಕೈಯಿಂದ ಚಿಪ್ಪು ಸುಲಿಯಬೇಡಿ. ತೂತಿನಿಂದ ಹೊರಬರಲು 12–24 ಗಂಟೆ ಹಿಡಿಯುತ್ತೆ. ಪೊರೆಯ ರಕ್ತನಾಳ ಇಂಗುವ ಮುಂಚೆ ಕಿತ್ತರೆ ರಕ್ತ ಸೋರುತ್ತೆ. ಹೊರಬಂದ ಮರಿ ಒಣಗಿದ ಮೇಲೆ 35 ಡಿಗ್ರಿ ಬ್ರೂಡರ್‌ಗೆ (ಮರಿ ಬೆಚ್ಚಗಿಡೋ ಗೂಡು) ಬಿಡಿ.